ಆಚೆ ಬದಿ ನೋಡಿದ್ಯಾ

ನಮ್ಮ ಆಸ್ಪತ್ರೆಯ ಪೆಥಾಲಜಿ ವಿಭಾಗದ ಮುಖ್ಯಸ್ಥೆ ಮಂಗಳೂರಿನವರು. ಚೆನ್ನೈನ ಕಾಸಿಮೇಡು ಬಂದರಿನಲ್ಲಿ ಮೀನು ಕೊಳ್ಳುವಾಗ ಬುಟ್ಟಿಯ ಮೇಲಿನ ಬಂಗುಡೆಯನ್ನು ಮುಟ್ಟದೆ, ತಳದಲ್ಲಿದ್ದುದರ ಕಿವಿರು ಎತ್ತಿ ನೋಡಿ ಮಾರುವವಳಿಂದ ಬೈಸಿಕೊಳ್ಳುತ್ತಿದ್ದರು. ಗಡ್ಡೆಗಳ ಮೇಲೂ ಅವರಿಗೆ ಅಷ್ಟೇ ನಂಬಿಕೆ. ಮೈಕ್ರೋಸ್ಕೋಪಿನಲ್ಲಿ ಕ್ಯಾನ್ಸರ್ ಕಂಡಿತೆಂದು ಅವರ ಕೈಕೆಳಗಿದ್ದ ನಾನು ಬೀಗಿದಾಗಲೆಲ್ಲ ಚಕ್ಕುಲಿ ಕಡಿಯುತ್ತ, "ಆಚೆ ಬದಿ ನೋಡಿದ್ಯಾ ಮಾರಾಯ?" ಎನ್ನುತ್ತಿದ್ದರು.

ಒಮ್ಮೆ ಹೊಟ್ಟೆಯ ಗಡ್ಡೆಯೊಂದಕ್ಕೆ ನಾನು ಇಂಥ ಜಾತಿಯ ಕ್ಯಾನ್ಸರ್ ಎಂದು ಹೆಸರು ಕೊಟ್ಟಾಗಿತ್ತು. ಕೀಮೋ ಶುರು ಮಾಡುವ ಆತುರದಲ್ಲಿದ್ದ ಸರ್ಜನ್ ಬಾಗಿಲಲ್ಲೇ ನಿಂತು, "ರಿಪೋರ್ಟ್ ಎಪ್ಪೋ ಮೇಡಂ?" ಯಾವಾಗ ಸಿಗುತ್ತದೆಂದು ತಮಿಳಿನಲ್ಲಿ ಗೊಣಗುತ್ತಿದ್ದರು. ಮೇಡಂ ಆ ಸರ್ಜನ್ ಕೈಗೊಂದು ಚಕ್ಕುಲಿ ಕೊಟ್ಟು ಕೂರಿಸಿ, ಉಳಿದ ಗಡ್ಡೆಯಿಂದ ಇನ್ನಷ್ಟು ಚೂರು ಕತ್ತರಿಸಲು ನನಗೆ ಹೇಳಿದರು. ಮರುದಿನ ನೋಡಿದರೆ, ಆಚೆ ಬದಿಯಲ್ಲಿ ಬೇರೆಯೇ ಜಾತಿಯ ಕ್ಯಾನ್ಸರ್ ಇತ್ತು. ಮೊದಲನೆಯದರ ಔಷಧಿಗೆ ಬಗ್ಗುವಂಥದ್ದಲ್ಲ ಅದು.

"ಒಂದೇ ಮನೆ, ಎರಡು ಸಂಸಾರ. ನೀನು ಒಬ್ಬರಿಗೆ ಮಾತ್ರ ನೋಟಿಸ್ ಕೊಡ್ಲಿಕ್ಕೆ ಹೊರಟಿದ್ದಿ" ಎಂದರು ಮೇಡಂ. ಸರ್ಜನ್ ಔಷಧಿ ಬದಲಿಸಿದರು.

ಹೋದ ವರ್ಷ ಮೇಡಂ ಅವರ ಎದೆಯಿಂದ ತೆಗೆದ ಗಂಟೇ ಪರೀಕ್ಷೆಗೆಂದು ನನ್ನ ಮೇಜಿಗೆ ಬಂತು. ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು. ಕೇಳುವ ಮೊದಲೇ ಹೇಳಿದೆ: "ಆಚೆ ಬದಿಯೂ ನೋಡಿದೆ ಮೇಡಂ. ಒಂದೇ ಜಾತಿ. ಮಾಮೂಲಿ ಕ್ಯಾನ್ಸರ್."

ಅವರು ಮುಖ ಸಿಂಡರಿಸಿ, "ಇಷ್ಟು ವರ್ಷ ಚಾಕರಿ ಮಾಡಿ ನಂಗೆ ಸಿಕ್ಕಿದ್ದು ಮಾಮೂಲಿದ್ದಾ?" ಎನ್ನುತ್ತ ನನ್ನನ್ನು ಎಬ್ಬಿಸಿ, ತಾವೇ ನೋಡಲು ಕುಳಿತರು.