ಶತ್ರುವಿನ ದೋಟಿ

ನಮ್ಮ ಕಡೆ ಪೇಟೆಂಟ್ ಅಂದರೆ ಕಾಯಂ ಎಂದು ಅರ್ಥ. ದಿನಾ ಸಂಜೆ ಅದೇ ಬೆಂಚಿನ ಮೇಲೆ ಕೂತು ಟೀ ಕುಡಿಯುವವನು ಹೋಟೆಲಿನ ಪೇಟೆಂಟ್ ಗಿರಾಕಿ. ವರ್ಷವಿಡೀ ಕೆಮ್ಮುವವನದು ಪೇಟೆಂಟ್ ಕೆಮ್ಮು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದಲ್ಲಿ ಬಿ.ಎ. ಓದುತ್ತಿದ್ದೆ. 'ಯುದ್ಧಕಾಲದಲ್ಲಿ ಶತ್ರುದೇಶದವರ ಪೇಟೆಂಟುಗಳನ್ನು ಸರ್ಕಾರ ವಶಪಡಿಸಿಕೊಳ್ಳುವುದು ನ್ಯಾಯ' ಎಂಬ ವಿಷಯದ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟು ಊರಿಗೆ ಬಂದು ಹೇಳಿದೆ. ದೊಡ್ಡಪ್ಪ ಅದನ್ನು ತಮ್ಮದೇ ರೀತಿ ಅರ್ಥ ಮಾಡಿಕೊಂಡರು.

"ಪೇಟೆಂಟ್ ಶತ್ರುಗಳ್ನ ಸರ್ಕಾರ ಹಿಡ್ಕಂಡೋಗ್ತದಾ? ಹೋಗ್ಲಿ ಬಿಡಮ್ಮ. ಬೇಲಿ ಆಚೆನೇ ಒಬ್ನಿದ್ದಾನೆ, ವಿಳಾಸ ಬರ್ಕೊಡ್ತೀನಿ."

ಶ್ರೀನಿವಾಸಪುರದ ಹತ್ತಿರದ ನಮ್ಮ ಮಾವಿನ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಇದ್ದದ್ದು ಒಂದು ಕತ್ತಾಳೆ ಬೇಲಿ. ಆಚೆಯವರು ದೊಡ್ಡಪ್ಪನ ವಾರಿಗೆಯವರು. ನೆಂಟಸ್ತನವೇನೂ ಇರಲಿಲ್ಲ, ಆದರೂ ಗೋಲಿ ಆಡುವ ಕಾಲದಿಂದ ಇಬ್ಬರೂ ಒಬ್ಬರನ್ನೊಬ್ಬರು 'ಬಾವ' ಎಂದೇ ಕರೆಯುತ್ತಿದ್ದರು. ಆ ಲೆಕ್ಕದಲ್ಲಿ ನನಗೆ ಅವರು ಮಾವ. ಹಾಲಿನ ಸೊಸೈಟಿಯ ಚುನಾವಣೆಯಲ್ಲಿ ದೊಡ್ಡಪ್ಪ ಸೋತರು. ಬಾವನ ವೋಟು ಎದುರು ಕಡೆಗೆ ಬಿತ್ತು ಎಂದು ಅವರ ಗುಮಾನಿ. ಗುಟ್ಟಿನ ಮತದಾನ, ಪುರಾವೆ ಏನು ಎಂದು ನಾನು ವಾದಿಸಿದ್ದೆ.

"ಪುರಾವೆ ಬೇರೆ ಬೇಕಾ? ಅವತ್ತು ನನ್ ನೋಡಿ ನಕ್ಕ."

ಅಂದಿನಿಂದ ಮಾತು ಬಿಟ್ಟು ಎರಡು ವರ್ಷ. ಆದರೆ ಮಾತು ಬಿಡುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇದೆ. ನೇರವಾಗಿ ಮಾತಾಡುವಂತಿಲ್ಲ, ದನಕರುವಿಗೆ ಹೇಳಬಹುದು. ದೊಡ್ಡಪ್ಪ ಬೇಲಿಯ ಪಕ್ಕ ನಿಂತು ತಮ್ಮ ಎಮ್ಮೆಗೆ ಗಟ್ಟಿಯಾಗಿ ಹೇಳುತ್ತಿದ್ದರು, ಮಾವ ಆಚೆಯಿಂದ ತಮ್ಮ ನಾಯಿಗೆ ಉತ್ತರ ಕೊಡುತ್ತಿದ್ದರು. ನೀರಿನ ಸರದಿಯಿಂದ ಹಿಡಿದು ಸಾವಿನ ಸುದ್ದಿಯವರೆಗೆ ಎಲ್ಲವೂ ಹೀಗೇ ಸಾಗುತ್ತಿತ್ತು. ಎರಡು ಪ್ರಾಣಿಗಳಿಗೂ ಊರಿನ ವಿದ್ಯಮಾನ ಚೆನ್ನಾಗಿ ತಿಳಿದಿತ್ತು.

ಸ್ಪರ್ಧೆಗಾಗಿ ನಾನು ಕಾಲೇಜಿನ ಲೈಬ್ರರಿಯಲ್ಲಿ ಒಂದು ವಾರ ಕೂತೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜರ್ಮನ್ನರ ಬಣ್ಣದ, ಔಷಧಿಯ ಪೇಟೆಂಟುಗಳನ್ನು ಕಿತ್ತುಕೊಂಡು ತನ್ನವರಿಗೆ ಹಂಚಿತ್ತು. ಇಂಗ್ಲೆಂಡಿನವರೂ ಶತ್ರುವಿನ ಪೇಟೆಂಟು ಬಳಸಲು ತಮ್ಮವರಿಗೆ ಪರವಾನಗಿ ಕೊಟ್ಟಿದ್ದರು. ನನಗೆ ಇದು ಬೆಲ್ಲದಂಥ ವಿಷಯ. ಕಾಯಿಲೆ ಬಿದ್ದ ನಮ್ಮ ಸೈನಿಕನಿಗೆ ಬೇಕಾದ ಮಾತ್ರೆಗೆ ಶತ್ರುವಿನ ಅಪ್ಪಣೆ ಯಾಕೆ ಕೇಳಬೇಕು ಎಂದು ಸ್ಪರ್ಧೆಯ ದಿನ ಮೇಜು ಕುಟ್ಟಿ ಕೇಳಿದೆ.

ಎದುರಾಳಿ ಮುಳಬಾಗಿಲು ಕಡೆಯ ಹುಡುಗ. ಆಂಧ್ರ ಗಡಿಯ ನಂಗಲಿಯ ಲಾರಿಗಳ ನಡುವೆ ಬೆಳೆದವನು, ತೆಲುಗಿನ ರಾಗದ ಕನ್ನಡ. ಆತ ನ್ಯಾಯ ಅನ್ಯಾಯದ ಗೋಜಿಗೇ ಹೋಗಲಿಲ್ಲ. "ಮಾಲೂರಿನ ಹೆಂಚಿನ ಅಚ್ಚು ಕದ್ದು ತಂದ್ರೆ ಮಾಲೂರಿನ ಹೆಂಚು ಬರ್ತದಾ? ಮಣ್ಣು ಎಷ್ಟು ದಿನ ಕೊಳೀಬೇಕು, ಎಷ್ಟು ತುಳೀಬೇಕು ಅಂತ ಅಚ್ಚಿನ ಮೇಲೆ ಬರ್ದಿರ್ತದಾ? ಜರ್ಮನ್ನರ ಕಾಗದ ಸಿಕ್ಕಿದ ಮೇಲೂ ಅವರಂಥ ಬಣ್ಣ ಮಾಡೋಕೆ ಅಮೆರಿಕದವ್ರು ತಿಣುಕಾಡಿದ್ರು" ಎಂದ.

ನಾನು ಎದ್ದು, "ಪೇಟೆಂಟ್ ಬೇಕಾದವನು ಎಲ್ಲವನ್ನೂ ಬರೆದುಕೊಡಲೇಬೇಕು ಎನ್ನುವುದು ಕಾಯಿದೆ. ನನ್ನ ಮಿತ್ರರಿಗೆ ಹೆಂಚು ಗೊತ್ತು, ಕಾಯಿದೆ ಗೊತ್ತಿಲ್ಲ" ಎಂದೆ. ಸಭೆ ನಕ್ಕಿತು. ಕಪ್ ನನಗೇ ಬಂತು. ಅವನ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ, ಬರೀ ನಗಿಸಿದ್ದೆ. ಚರ್ಚೆಯಲ್ಲಿ ಪಳಗಿದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ, ತೀರ್ಪುಗಾರರಿಗೆ ಗೊತ್ತಾಗದಿದ್ದರೆ ಸಾಕು.

ಮನೆಯಲ್ಲಿ ದೊಡ್ಡಪ್ಪ ಕಪ್ ತಿರುಗಿಸಿ ನೋಡಿ ನನ್ನ ವಾದವನ್ನು ಪೂರ್ತಿ ಹೇಳಿಸಿಕೊಂಡರು.

"ಅಂದ್ರೆ, ಜಗಳ ಇರೋವಾಗ ಶತ್ರು ಕಂಡುಹಿಡ್ದಿದ್ದನ್ನ ನಾವು ತಕಂಡ್ರೆ ತಪ್ಪಿಲ್ಲ ಅಂತ ಕೋಲಾರದೋರು ಕಪ್ ಕೊಟ್ಟವ್ರೆ."

"ಯುದ್ಧ ಇರ್ಬೇಕು ದೊಡ್ಡಪ್ಪ."

"ಇದೇನು ಮದ್ವೆನಾ?"

ಅವರ ಕಣ್ಣಿದ್ದದ್ದು ಮಾವನ ಕಾಯಿ ಕೀಳುವ ದೋಟಿಯ ಮೇಲೆ. ನಮ್ಮ ಹಳೆಯ ದೋಟಿ ಗಳುವಿನ ತುದಿಗೆ ಕಟ್ಟಿದ ಕುಡುಗೋಲು, ಅಷ್ಟೆ. ಕಾಯಿ ತೊಟ್ಟಿನ ಬುಡಕ್ಕೇ ಮುರಿದು, ಸೊನೆ ಸುರಿದು, ಸಿಪ್ಪೆಯ ಮೇಲೆ ಕಪ್ಪು ಕಲೆ ಬೀಳುತ್ತಿತ್ತು. ಕಲೆ ಬಿದ್ದ ಬಾದಾಮಿ ಮಾವಿನಕಾಯನ್ನು ಮಂಡಿಯವರು ಮೂಸಿಯೂ ನೋಡುತ್ತಿರಲಿಲ್ಲ, ಪಕ್ಕದ ರಾಶಿಗೆ ತಳ್ಳುತ್ತಿದ್ದರು. ಮಾವನ ದೋಟಿಗೆ ಕಬ್ಬಿಣದ ಬಳೆ, ಬಳೆಯ ಬಾಯಲ್ಲಿ ಹಕ್ಕಿಯ ಕೊಕ್ಕಿನಂತೆ ಕವಲೊಡೆದ ಅಲಗು, ಕೆಳಗೆ ಬಲೆ. ಅದನ್ನು ಅವರೇ ಕಂಡುಹಿಡಿದದ್ದು. ಅವರ ಕಾಯಿಗಳು ಬೆರಳುದ್ದ ತೊಟ್ಟಿನ ಸಮೇತ ಮದುಮಕ್ಕಳಂತೆ ಬುಟ್ಟಿಯಲ್ಲಿ ಕೂರುತ್ತಿದ್ದವು.

ಆ ದೋಟಿ ಮಾಡಿದ ಆಚಾರಿಯೇ ನಮಗೂ ಒಂದು ಮಾಡಿಕೊಟ್ಟ. ಅಳತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಮೇ ತಿಂಗಳು ಬಂತು. ಬಾದಾಮಿ ಹಿಂದೆಂದೂ ಕಾಣದಷ್ಟು ಬಿಟ್ಟಿತ್ತು. ಆ ಬೆಳೆಯನ್ನು ಒಂದನೇ ನಂಬರಿನ ಮಾಲಾಗಿ ಮಂಡಿಗೆ ಇಳಿಸಬೇಕೆಂಬುದು ದೊಡ್ಡಪ್ಪನ ಹಟ. ಹೊಸ ದೋಟಿ ಹಿಡಿದು ಕಾಯನ್ನು ಬಲೆಗೆ ತುಂಬಿಸಿ ಎಳೆದರು. ತೊಟ್ಟು ಬುಡಕ್ಕೇ ಕಿತ್ತು ಸೊನೆ ಚಿಮ್ಮಿತು. ಮೆಲ್ಲಗೆ ಎಳೆದರು, ಜೋರಾಗಿ ಎಳೆದರು, ಅಲಗನ್ನು ಮಸೆದು ತಂದು ಎಳೆದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬುಟ್ಟಿ ಕಾಯಿಗೆ ಸಿಡುಬು ಬಂದಂತಾಗಿತ್ತು. ಉಳಿದ ಮರಗಳೂ ಹೀಗೇ ಆದರೆ ಇಡೀ ವರ್ಷದ ಬೆಳೆ ಪಕ್ಕದ ರಾಶಿಗೆ. ಕಾಗದ ಕೈಲಿಟ್ಟುಕೊಂಡು ಬಣ್ಣ ಬಾರದೆ ತಿಣುಕಾಡಿದವರು ಹೇಗಿದ್ದಿರಬೇಕೆಂದು ನನಗೆ ಅವತ್ತು ಕಣ್ಣಾರೆ ಕಂಡಿತು.

ದೊಡ್ಡಪ್ಪ ಎಮ್ಮೆಯ ಹತ್ತಿರ ಹೋದರು.

"ಏನೇ, ನೋಡಿದ್ಯಾ? ಯಾರೋ ಕಂಡುಹಿಡ್ದ ಮಾಲು ಕಣೆ, ದೋಷ ಇಟ್ಟೇ ಮಾಡವ್ರೆ."

ಬೇಲಿಯಾಚೆಯಿಂದ ಮಾವ ನಾಯಿಗೆ ಹೇಳಿದರು. "ಏಮಿರಾ, ಕೇಳಿದ್ಯಾ? ದೋಟಿಗೆ ದೋಷ ಇಲ್ಲ ಕಣ್ಲಾ. ಹಿಡ್ದಿರೋ ಕೈಗೆ ದೋಷ."

"ಎಮ್ಮೆ, ಆಚೆ ಏನೋ ಬೊಗಳ್ತಾ ಐತೆ. ನೀನು ಮೇವು ತಿನ್ನು."

ಇದು ಸಂಜೆಯಾದರೂ ಮುಗಿಯುವಂತಿರಲಿಲ್ಲ. ನಾನು ಬೇಲಿಯ ಹತ್ತಿರ ಹೋದೆ. "ಮಾವ, ನಾಯಿ ಬಿಡಿ, ನನ್ನ ಹತ್ರ ಹೇಳಿ. ನಿಮ್ದೇನು ಷರತ್ತು?"

"ಕಪ್ ಗೆದ್ದೋಳು ನೀನೇ ಹೇಳಮ್ಮ. ಆ ಕಿತ್ಕಂಡ ಸರ್ಕಾರದೋರು ಆಮೇಲೆ ಕಾಸು ಕೊಟ್ರಾ?"

"ಬೇರೆ ಖಾತೇಲಿ ಇಟ್ಟಿದ್ರಂತೆ. ಯುದ್ಧ ಮುಗಿದ್ಮೇಲೆ ನೋಡೋಣ ಅಂತ."

"ಮುಗೀತಲ್ಲ. ನೋಡಿದ್ರಾ?"

ಇಲ್ಲಿ ನಗಿಸಿ ಗೆಲ್ಲಲು ಸಭೆಯೂ ಇರಲಿಲ್ಲ.

"ನಂಗೆ ಕಾಸು ಬ್ಯಾಡಮ್ಮಣ್ಣಿ," ಎಂದರು ಮಾವ, ದನಿ ತಗ್ಗಿಸಿ. "ಎಮ್ಮೆ ಕೈಲಿ ಕೇಳಿಸ್ಬ್ಯಾಡ ಅನ್ನು. ಮುಂಚೆ ಏನಂತ ಕರೀತಿದ್ನೋ ಹಂಗೆ ಕರ್ದು ಕೇಳ್ಳಿ. ಒಂದ್ಸಲ ಸಾಕು."

ದೊಡ್ಡಪ್ಪನಿಗೆ ಎಲ್ಲವೂ ಕೇಳಿಸಿತ್ತು. ಅವರು ಕಲೆ ಬಿದ್ದ ಬುಟ್ಟಿಗಳನ್ನು ನೋಡಿದರು, ತುಂಬಿ ಬಾಗಿದ ಕೊಂಬೆಗಳನ್ನು ನೋಡಿದರು, ಟವೆಲಿನಿಂದ ಮುಖ ಒರೆಸಿಕೊಂಡರು.

"ಬಾವ" ಎಂದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

"ಲೇ, ಯಾರೋ ಏನೋ ಅಂದಂಗಾಯ್ತು" ಎಂದರು ಮಾವ ನಾಯಿಗೆ.

"ಬಾವಾ, ಅದನ್ನ ಹೆಂಗಯ್ಯಾ ಹಿಡಿಯೋದು?"

ಎರಡನೆಯ ಕೂಗಿಗೆ ಎರಡು ತೋಟದ ಆಳುಗಳೂ ತಿರುಗಿ ನೋಡಿದರು. ಮಾವ ಪಂಚೆ ಎತ್ತಿಕಟ್ಟಿ ಕತ್ತಾಳೆಯ ಸಂದಿಯಲ್ಲಿ ನುಸುಳಿ ಬಂದು ದೋಟಿ ತೆಗೆದುಕೊಂಡರು. ಕಾಯನ್ನು ಬಲೆಗೆ ಇಳಿಸಿಕೊಂಡರು. ಎಳೆಯಲಿಲ್ಲ, ಮೇಲಕ್ಕೆ ನೂಕಿದರು. ಚಕ್ ಎಂದಿತು. ಬೆರಳುದ್ದ ತೊಟ್ಟು, ಒಂದು ಹನಿ ಸೊನೆ ಇಲ್ಲ.

"ಅಷ್ಟೇನಾ?" ಎಂದರು ದೊಡ್ಡಪ್ಪ.

"ಅಷ್ಟೇ. ಎಳೆಯೋದು ಮರೆಯೋಕೆ ನಂಗೆ ಎರಡು ಬೆಳೆ ಹಾಳಾಯ್ತು."

ಅವತ್ತು ಇಳಿಬಿಸಿಲಿನಲ್ಲಿ ಮತ್ತೆ ಕೀಳಲು ಶುರುಮಾಡಿದೆವು. ಮಾರನೆಯ ದಿನ ನಮ್ಮ ಗಾಡಿ ಇಳಿಸಿಕೊಂಡ ಮಂಡಿಯವರು ನೂಕಿ ಕಿತ್ತ ಒಂದು ಕಾಯನ್ನೂ ಪಕ್ಕಕ್ಕೆ ಇಡಲಿಲ್ಲ. ಆ ಮೊದಲ ಸಂಜೆಯೇ, ಕೊನೆಯ ಮರದ ಹೊತ್ತಿಗೆ, ದೋಟಿ ನನ್ನ ಕೈಗೆ ಬಂದಿತ್ತು, ಯಾಕೆಂದರೆ ಇಬ್ಬರು ಹಿರಿಯರೂ ಎರಡು ವರ್ಷದ ಮಾತು ಮುಗಿಸುವ ಅವಸರದಲ್ಲಿದ್ದರು. ನಾನು ಅಭ್ಯಾಸ ಬಲದಿಂದ ಒಮ್ಮೆ ಎಳೆದುಬಿಟ್ಟೆ.

"ಹಂಗಲ್ಲ ಕಣೇ, ನೂಕ್ಬೇಕು, ನೂಕ್ಬೇಕು. ಎಷ್ಟು ಸಲ ಹೇಳ್ಕೊಡ್ಲಿ ನಿಂಗೆ" ಎಂದು ದೊಡ್ಡಪ್ಪ ಗದರಿಸಿದರು, ತಾವೇ ಕಂಡುಹಿಡಿದವರ ಹಾಗೆ. ಮಾವ ಪಕ್ಕದಲ್ಲೇ ಕೂತು ಬುಟ್ಟಿಗೆ ಹುಲ್ಲು ಹಾಸುತ್ತಿದ್ದರು. "ಬಾವ ಹೇಳಿದಂಗೆ ಮಾಡಮ್ಮ" ಎಂದರು.