ಅವ್ವನ ಧಾರಣಿ ಗೋಡೆ

ನಮ್ಮವ್ವನಿಗೆ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋವ್ ಬೇಕಾಗಿತ್ತು. ತೊಗರಿಕಟ್ಟಿಗೆಯ ಹೊಗೆಗೆ ಸಂಜೆಯ ಹೊತ್ತಿಗೆ ಅವಳ ಕಣ್ಣು ಕೆಂಪಾಗಿರುತ್ತಿದ್ದವು. ಅಪ್ಪ ಬಸ್ ಕಂಡಕ್ಟರ್. ಅವರ ಪಗಾರದಲ್ಲಿ ಸ್ಟೋವಿನ ಮಾತೆತ್ತಲು ಅವಳಿಗೆ ಮನಸ್ಸಿರಲಿಲ್ಲ. ಕಿರಾಣಿಯಲ್ಲಿ ಉಳಿಸಿಯೇ ತರುತ್ತೇನೆಂದು ಹಟ ಹಿಡಿದಿದ್ದಳು. ಇದು ಎಂಬತ್ತರ ದಶಕದ ಮಾತು, ಅಫಜಲಪುರದಲ್ಲಿ.

ಉಳಿಸುವ ಅವಳ ದಾರಿ ಒಲೆಯ ಪಕ್ಕದ ಗೋಡೆಯ ಮೇಲಿತ್ತು. ಪ್ರತಿ ಸಂತೆ ಮುಗಿದ ಮೇಲೆ ಇದ್ದಿಲು ಹಿಡಿದು ಅಲ್ಲಿ ಧಾರಣೆ, ಅಂದರೆ ಆ ದಿನದ ಬೆಲೆ, ಬರೆಯುತ್ತಿದ್ದಳು. ಬೆಲ್ಲಕ್ಕೊಂದು ಸಾಲು, ಕಡಲೆಬೇಳೆಗೊಂದು, ಒಣಮೆಣಸಿನಕಾಯಿಗೊಂದು. ಅಪ್ಪನ ಬಸ್ಸು ಒಮ್ಮೆ ಆಳಂದಕ್ಕೆ, ಒಮ್ಮೆ ಜೇವರ್ಗಿಗೆ ಹೋಗುತ್ತಿತ್ತು. ಚೀಲ ಹೊತ್ತು ಹತ್ತಿದವರನ್ನು ಕೇಳಿ ಅಲ್ಲಿನ ಧಾರಣೆ ತರುವುದು ಅವರ ಪಾಲಿನ ಕೆಲಸ. ಟಿಕೆಟ್ ಹರಿಯುವುದಕ್ಕಿಂತ ಅವರಿಗೆ ಇದರಲ್ಲೇ ಹುರುಪು ಹೆಚ್ಚು. ಓಣಿಯ ಹೆಂಗಸರು ಸಂತೆಗೆ ಹೊರಟರೆ ನಮ್ಮ ಅಡುಗೆಮನೆಗೆ ಹಣಿಕಿ ಹಾಕಿಯೇ ಹೋಗುತ್ತಿದ್ದರು. ಅವ್ವ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಕಿರಾಣಿ ಸಾಹುಕಾರ, “ಅಕ್ಕಾರ ಬಂದ್ರಪ್ಪೋ, ಇವತ್ತ ನನಗ ಲುಕ್ಸಾನ!” ಎಂದು ಹಣೆ ಒತ್ತಿಕೊಳ್ಳುತ್ತಿದ್ದ.

ಗೋಡೆಯ ಮೇಲ್ಮೂಲೆಯಲ್ಲಿ ಒಂದು ಬೆಲೆ ಮಾತ್ರ ಹೆಸರಿಲ್ಲದೆ ಇತ್ತು. ಅದು ಸ್ಟೋವಿನದು. ನನಗೊಬ್ಬಳಿಗೇ ಹೇಳಿದ್ದಳು, ಅಪ್ಪನ ಮುಂದೆ ಬಾಯಿ ಬಿಡಬೇಡ ಎಂಬ ತಾಕೀತಿನೊಂದಿಗೆ.

ಒಮ್ಮೆ ದಸರೆಯ ಮುಂದೆ ಅವ್ವನೂ ನಾನೂ ಘತ್ತರಗಿ ಭಾಗ್ಯವಂತಿಯ ದರ್ಶನಕ್ಕೆ ಹೋಗಿದ್ದೆವು. ಪ್ರತಿ ವರ್ಷ ಮನೆಗೆ ಸುಣ್ಣ ಬಳಿಯುತ್ತಿದ್ದವಳು ಅವ್ವ, ಆ ಗೋಡೆಯೊಂದನ್ನು ಬಿಟ್ಟು. ಆ ದಿನ ರಜೆಯಲ್ಲಿದ್ದ ಅಪ್ಪ, ಹೆಂಡತಿಗೆ ಕೆಲಸ ಹಗುರಾಗಲಿ ಎಂದು ಇಡೀ ಮನೆ ಬಳಿದುಬಿಟ್ಟಿದ್ದರು. ನಾವು ಬಂದಾಗ ಅಡುಗೆಮನೆ ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪ ಮೀಸೆಯ ಮೇಲೆಲ್ಲ ಸುಣ್ಣ ಸಿಡಿಸಿಕೊಂಡು ಶಾಬಾಸ್‌ಗಿರಿಗೆ ಕಾಯುತ್ತಿದ್ದರು.

“ನನ್ನ ಧಾರಣಿ ಎಲ್ಲಿ ಹೋದುವ್ರಿ?” ಎಂದಳು ಅವ್ವ.

“ಹಳೇವು ಯಾಕ ಬೇಕು? ಇವತ್ತಿಂದು ನಾ ತಂದು ಹೇಳ್ತೇನಲ್ಲ.”

“ಹಳೇದು ಇಲ್ಲಂದ್ರ ಇವತ್ತಿಂದು ತುಟ್ಟಿನೋ ಸೋವಿನೋ ಹ್ಯಾಂಗ ತಿಳೀಬೇಕ್ರಿ?”

ಅಪ್ಪನ ಮುಖ ಸಣ್ಣದಾಯಿತು. ದೀಪಾವಳಿಯ ಬೆಲ್ಲ, ಎಣ್ಣೆ, ಬೇಳೆಯನ್ನು ಏರುವ ಮೊದಲೇ ಹಿಡಿದರೆ ಆ ವರ್ಷವೇ ಸ್ಟೋವ್ ಬರುತ್ತಿತ್ತು. ಈಗ ಸಾಹುಕಾರ ಹೇಳಿದ್ದೇ ಧಾರಣೆ. ನನಗಂತೂ ಅಳುವೇ ಬಂತು.

ಮರುದಿನ ಸಂತೆ. ಎಂದಿನಂತೆ ಹಣಿಕಿದ ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು. ಪಕ್ಕದ ಮನೆಯ ದೊಡ್ಡವ್ವ ಮೊದಲು ಬಾಯಿ ಬಿಟ್ಟಳು. “ಹೋದ ದೀಪಾವಳಿ ಮುಂದ ಬೆಲ್ಲ ಎಷ್ಟಿತ್ತು ನನಗ ಗೊತ್ತದ. ಮೊಮ್ಮಗಳ ತೊಟ್ಟಿಲಕ್ಕ ತಂದಿದ್ದೆ, ಇದೇ ಗೋಡಿ ನೋಡಿ.” ಇನ್ನೊಬ್ಬಳಿಗೆ ಮೆಣಸಿನಕಾಯಿಯ ಧಾರಣೆ ನೆನಪಿತ್ತು, ಏಕೆಂದರೆ ಅದಕ್ಕಾಗಿ ಸಾಹುಕಾರನೊಡನೆ ಜಗಳವಾಡಿದ್ದಳು. ಅಪ್ಪ ತಾವೇ ಇದ್ದಿಲು ಹಿಡಿದರು. ಇವರು ಹೇಳುವುದು, ಅವರು ಅಲ್ಲಗಳೆಯುವುದು, ಅಪ್ಪ ತಮ್ಮದೇ ಸುಣ್ಣದ ಮೇಲೆ ಬರೆದು ಒರೆಸಿ ಮತ್ತೆ ಬರೆಯುವುದು. ಕಡಲೆಬೇಳೆಯ ಜಗಳ ಬಗೆಹರಿಯದೆ ಎರಡೂ ಧಾರಣೆಗಳನ್ನು ಬರೆದರು. ಅಷ್ಟು ನಗು ನಮ್ಮ ಅಡುಗೆಮನೆಯಲ್ಲಿ ನಾನು ಕೇಳಿರಲಿಲ್ಲ.

ಹೆಂಗಸರೆಲ್ಲ ಸಂತೆಗೆ ನಡೆದ ಮೇಲೆ ಅಪ್ಪ ತುದಿಗಾಲಲ್ಲಿ ನಿಂತು ಮೇಲ್ಮೂಲೆಯಲ್ಲಿ ಆ ಹೆಸರಿಲ್ಲದ ಬೆಲೆಯನ್ನೂ ಬರೆದರು. ಅದರ ಕೆಳಗೆ ಆಳಂದ ಎಂದು ಬರೆದು ಒಂದು ಬೆಲೆ, ಜೇವರ್ಗಿ ಎಂದು ಬರೆದು ಇನ್ನೊಂದು.

ಅವ್ವ ನನ್ನನ್ನು ಗುರ್ ಎಂದು ನೋಡಿದಳು. ನಾನು ಹೇಳಿಲ್ಲವೆಂದು ತಲೆ ಅಲ್ಲಾಡಿಸಿದೆ.

“ಅಕಿ ಏನೂ ಹೇಳಿಲ್ಲ,” ಎಂದರು ಅಪ್ಪ. “ನೀ ಸ್ಟೋವಿನ ಅಂಗಡಿ ಮುಂದ ನಿಲ್ಲೂದು ನಾ ನೋಡೇನಿ. ಎಲ್ಲಾ ಊರಾಗೂ ಕೇಳಾಕತ್ತೇನಿ.”

ಒಲೆ ಇನ್ನೂ ಹೊತ್ತಿರಲಿಲ್ಲ. ಕಣ್ಣೀರನ್ನು ಹೊಗೆಯ ಮೇಲೆ ಹಾಕಲು ಅವ್ವನಿಗೆ ದಾರಿಯಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು ಗೋಡೆಯನ್ನೇ ನೋಡಿ, “ಜೇವರ್ಗಿದಾಗ ಸೋವಿ ಅದ. ಹಬ್ಬ ಆದಮ್ಯಾಲ ಇನ್ನೂ ಇಳೀತದ, ತಡೀರಿ,” ಎಂದಳು.

ಇಳಿಯಿತು. ದೀಪಾವಳಿ ಕಳೆದ ಮೇಲೆ ಅಪ್ಪ ಜೇವರ್ಗಿಯಿಂದ ಸ್ಟೋವ್ ತಂದರು, ಅದನ್ನು ಕಂಡಕ್ಟರ್ ಸೀಟಿನ ಮೇಲೆ ಕೂರಿಸಿ, ಊರು ಬರುವ ತನಕ ತಾವು ನಿಂತುಕೊಂಡು.