ಡೌವೆಯ ನಾಲ್ಕು ಸಾಲು

ಡೌವೆ ಬರೆಯದೆ ಬಿಟ್ಟದ್ದನ್ನು ತಾನೇ ಬರೆದುಬಿಡಲೇ? ಬರೆದರೆ ನಾಳೆ ಇನ್ನೊಬ್ಬರು ಕೇಳಿದಾಗ ಯಾವ ಮುಖ ಇಟ್ಟುಕೊಂಡು ಇಲ್ಲವೆನ್ನುವುದು? ಬರೆಯದಿದ್ದರೆ ಅವನ ಹೆಂಡತಿ ಹಿಸ್ಕೆಗೆ ಏನು ಹೇಳುವುದು?

ಬೆಳಗಿನ ಐದು ಗಂಟೆ. ಹಾರ್ಲಿಂಗನ್ ಬಂದರಿನ ಎತ್ತುವ ಸೇತುವೆಯ ಪಕ್ಕದ ಗಾಜಿನ ಕೋಣೆಯಲ್ಲಿ ವೀಬೆ ಹೂಕ್‌ಸ್ಟ್ರಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಸೇತುವೆ ಎತ್ತಿ ದೋಣಿಗಳನ್ನು ಬಿಡುವುದು ಅವರ ನೌಕರಿ; ಮೊದಲ ದೋಣಿ ಬರುವುದು ಆರಕ್ಕೆ. ಅಲ್ಲಿಯವರೆಗಿನ ಒಂದು ಗಂಟೆ ಅವರ ಇನ್ನೊಂದು ಕೆಲಸಕ್ಕೆ ಮೀಸಲು.

ಆ ಕೆಲಸಕ್ಕೆ ಸಂಬಳವಿಲ್ಲ. ಕಡಲಿನ ಭರತ ಇಳಿತಗಳ ಹೊತ್ತನ್ನು ಲೆಕ್ಕ ಹಾಕುವ ಒಂದು ಮುಕ್ತ ತಂತ್ರಾಂಶವನ್ನು ಅವರು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಈವರೆಗೆ ಸಾವಿರದ ಮುನ್ನೂರು ಬಂದಿವೆ. ಅರ್ಧಕ್ಕಿಂತ ಹೆಚ್ಚನ್ನು ವೀಬೆ ವಾಪಸು ಕಳಿಸಿದ್ದಾರೆ. ಕಾರಣ ಒಂದೇ: ತಿದ್ದುಪಡಿ ಸರಿಯೆಂದು ತೋರಿಸುವ ಪುಟ್ಟ ಪರೀಕ್ಷೆಯನ್ನು, ಅಂದರೆ ಉತ್ತರ ತಾಳೆ ನೋಡುವ ಕೆಲವು ಸಾಲಿನ ಪ್ರೋಗ್ರಾಂ ಅನ್ನು, ಕಳಿಸಿದವರೇ ಬರೆದು ಜೊತೆಗಿಡಬೇಕು. "ಬರೆಯೋರು ಬರ್ತಾರೆ, ಹೋಗ್ತಾರೆ. ಕೆಟ್ಟಾಗ ಇಲ್ಲಿ ಉಳಿಯೋನು ನಾನು" ಎನ್ನುತ್ತಾರೆ. ಅಹಂಕಾರಿ ಎಂದು ಬೈದವರೂ ಇದ್ದಾರೆ.

ನಿಯಮ ಹುಟ್ಟಿದ್ದು ಒಂದು ತಪ್ಪಿನಿಂದ. ಹದಿಮೂರು ವರ್ಷದ ಹಿಂದೆ ವೀಬೆ ಯಾರೋ ಕಳಿಸಿದ ತಿದ್ದುಪಡಿಯನ್ನು ನಂಬಿಕೆಯ ಮೇಲೆ ಸೇರಿಸಿದ್ದರು. ಬೇಸಿಗೆ ಬಂತೆಂದು ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಭಾನುವಾರ, ತಂತ್ರಾಂಶ ಇಳಿತವನ್ನು ಒಂದು ಗಂಟೆ ತಡವಾಗಿ ತೋರಿಸಿತು. ಅದನ್ನೇ ನೋಡಿಕೊಂಡು, ಇಳಿತದಲ್ಲಿ ಕಡಲು ಬಿಟ್ಟುಕೊಡುವ ಕೆಸರುಬಯಲಿಗೆ ನಡೆಯಲು ಇಳಿದಿದ್ದ ಹದಿನಾಲ್ಕು ಮಂದಿ ಸೊಂಟದ ಮಟ್ಟದ ನೀರಿನಲ್ಲಿ ತಿರುಗಿ ಬಂದರು. ಅವರನ್ನು ಕರೆದೊಯ್ದಿದ್ದ ಮಾರ್ಗದರ್ಶಿ ಡೌವೆ, ವೀಬೆಯ ಶಾಲೆಯ ಗೆಳೆಯ. ಒದ್ದೆ ಬಟ್ಟೆಯಲ್ಲೇ ಸೇತುವೆಗೆ ಬಂದು ಹೇಳಿದ್ದರು: "ಇನ್ಮೇಲೆ ಪರೀಕ್ಷೆ ಇಲ್ಲದೆ ಯಾರಿಂದಲೂ ತಗೋಬೇಡ. ನಾನೇ ಕೊಟ್ರೂ ತಗೋಬೇಡ ಕಣೋ."

ಅರವತ್ತೆಂಟನೆಯ ವಯಸ್ಸಿನಲ್ಲಿ ಡೌವೆ ಪ್ರೋಗ್ರಾಂ ಬರೆಯಲು ಕಲಿತರು. ಮರಳು ಸರಿದು, ಹೊಲ್ವರ್ಡ್ ಊರಿನಾಚೆ ಕೆಸರುಬಯಲಿನ ಕಾಲುವೆಯಲ್ಲಿ ಇಳಿತ ಈಗ ತಂತ್ರಾಂಶದ ಲೆಕ್ಕಕ್ಕಿಂತ ಹನ್ನೆರಡು ನಿಮಿಷ ಮುಂಚೆಯೇ ಬರುತ್ತಿತ್ತು. ಕೋಲು ನೆಟ್ಟು ಹನ್ನೊಂದು ದಿನ ಅಳೆದು, ಕಳೆದ ಫೆಬ್ರವರಿಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಕಳಿಸಿದರು. ಅಳತೆಗಳನ್ನೂ ಕೆಳಗೆ ಬರೆದಿದ್ದರು. ಪರೀಕ್ಷೆ ಇರಲಿಲ್ಲ. ಎಲ್ಲರಿಗೂ ಅಂಟಿಸುವ ಅದೇ ಉತ್ತರವನ್ನು ವೀಬೆ ಅವರಿಗೂ ಅಂಟಿಸಿದರು: ಧನ್ಯವಾದ, ಪರೀಕ್ಷೆಯಿಲ್ಲದೆ ಸ್ವೀಕರಿಸಲಾಗದು.

"ನನ್ನ ಮಾತು ನನಗೇ ತಿರುಗಿಸ್ತೀಯಾ, ಕಳ್ಳ. ಇರು, ಬರೀತೀನಿ" ಎಂದು ಡೌವೆ ತಿರುಗಿ ಬರೆದಿದ್ದರು.

ಮಾರ್ಚ್‌ನಲ್ಲಿ ಶ್ವಾಸಕೋಶದ ಕಾಯಿಲೆ ಡೌವೆಗೆ ಹಾಸಿಗೆ ಹಿಡಿಸಿತು. ವೀಬೆ ಪ್ರತಿ ಗುರುವಾರ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಗಾಳಿಯ ಬಗ್ಗೆ, ದೋಣಿಗಳ ಬಗ್ಗೆ ಮಾತು. ಡೌವೆಯ ಹೊಟ್ಟೆಯ ಮೇಲಿನ ಲ್ಯಾಪ್‌ಟಾಪ್ ಮಾತನ್ನು ಇಬ್ಬರೂ ಎತ್ತಲಿಲ್ಲ. ಏಪ್ರಿಲ್ ಕೊನೆಗೆ ಡೌವೆ ತೀರಿಹೋದರು; ಪರೀಕ್ಷೆ ಬರಲೇ ಇಲ್ಲ.

ನಿನ್ನೆ ಅವರ ಹೆಂಡತಿ ಹಿಸ್ಕೆ ಸೈಕಲ್ ಹಿಡಿದುಕೊಂಡೇ ಸೇತುವೆಯ ಬಳಿ ನಿಂತು ಕೇಳಿದರು: "ವೀಬೆ, ಅವನ ಆ ನಾಲ್ಕು ಸಾಲು ಒಳಗೆ ಹೋಯ್ತಾ? ದಿನಾ ಎದ್ದ ತಕ್ಷಣ ಅದನ್ನೇ ನೋಡ್ತಿದ್ದ."

ಈಗ ವೀಬೆ ತಣ್ಣಗಾದ ಕಾಫಿಯನ್ನು ಪಕ್ಕಕ್ಕೆ ಸರಿಸಿ ಬರೆಯಲು ತೊಡಗುತ್ತಾರೆ. ಡೌವೆಯ ಹನ್ನೊಂದು ಅಳತೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಇಳಿಸುತ್ತಾರೆ. ಹಳೆಯ ಲೆಕ್ಕಕ್ಕೆ ಹನ್ನೊಂದೂ ತಪ್ಪು. ಡೌವೆಯ ನಾಲ್ಕು ಸಾಲು ಸೇರಿಸಿದ ಮೇಲೆ ಹನ್ನೊಂದೂ ಸರಿ. ಬರೆದವರ ಹೆಸರಿನ ಜಾಗದಲ್ಲಿ ಡೌವೆ ಎಂದು ಹಾಕಿ ತಿದ್ದುಪಡಿಯನ್ನು ಸೇರಿಸುತ್ತಾರೆ.

ಮೊದಲ ದೋಣಿ ದಾಟಿದ ಮೇಲೆ ಹಿಸ್ಕೆಗೆ ಫೋನ್ ಮಾಡುತ್ತಾರೆ. ಹೋಯ್ತು, ಅವನ ಲೆಕ್ಕ ಸರಿಯಿತ್ತು ಎನ್ನುತ್ತಾರೆ. ಹಿಸ್ಕೆ, "ಇಷ್ಟು ತಿಂಗಳು ಹಿಡೀತು ಅಂದ್ರೆ ತುಂಬ ಕಷ್ಟದ ಕೆಲಸವೇ ಇರಬೇಕು, ಪಾಪ" ಎನ್ನುತ್ತಾರೆ.

ಪರೀಕ್ಷೆ ಬರೆಯಲು ತಮಗೆ ಹಿಡಿದದ್ದು ಇಪ್ಪತ್ತು ನಿಮಿಷ ಎಂದು ವೀಬೆ ಹೇಳಲೇ ಇಲ್ಲ.